ಕೇಳಿಸಿಕೊಳ್ಳೋದನ್ನೂ ಓದಬೇಕಾ?

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರಿಗೆ ಅಡಿಕೆಯ ಹಳದಿ ಎಲೆ ರೋಗ ಹೊಸದಲ್ಲ. ತೋಟ ಹೋಗ್ತಿದೆ ಅಂತ ಅಪ್ಪ ಮಂಕಾಗಿ ಕೂತರೆ, ಇಂಜಿನಿಯರಿಂಗ್ ಓದೋ ನಾವು ತಕ್ಷಣ ಪರಿಹಾರ ಹೇಳೋಕೆ ಶುರು ಮಾಡ್ತೀವಿ. ಮಾನವತಾವಾದಿ ಆಪ್ತಸಮಾಲೋಚನೆಗೆ ಬುನಾದಿ ಹಾಕಿದ ಕಾರ್ಲ್ ರೋಜರ್ಸ್ ದಾರಿಯೇ ಬೇರೆ. ಸಮಾಲೋಚಕರಿಗೆ ಮುಖ್ಯವಾಗಿ ಮೂರು ಗುಣ ಬೇಕು ಎಂದು ಅವರು 1957ರಲ್ಲಿ ಬರೆದರು: ಎದುರಿನವರ ಕಣ್ಣಿಂದ ನೋಡುವ ಅನುಭೂತಿ, ಷರತ್ತಿಲ್ಲದ ಗೌರವ, ನಾಟಕವಿಲ್ಲದ ನಡೆ.

ಇದನ್ನ ಕೆಲಸದ ಜೊತೆ ಓದಬಹುದಾ? ಇಗ್ನೋದ ದೂರಶಿಕ್ಷಣ ಎಂ.ಎ. ಸೈಕಾಲಜಿಗೆ ಬಿ.ಇ. ಆದವರೂ ಸೇರಬಹುದಿತ್ತು. ಆದರೆ ಸೈಕಾಲಜಿ 2021ರ ಆರೋಗ್ಯ ವೃತ್ತಿಗಳ ಕಾಯ್ದೆಯಡಿ ಬರುವುದರಿಂದ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಅದನ್ನು ದೂರಶಿಕ್ಷಣದಲ್ಲಿ ಕಲಿಸಬಾರದು ಎಂದು ಯುಜಿಸಿ ಹೇಳಿತು. ತರಬೇತಿಯ ಗುಣಮಟ್ಟಕ್ಕೆ ಇದು ಒಳ್ಳೆಯದೇ ಇರಬಹುದು. ಊರು ಬಿಡಲಾಗದ ಮಲೆನಾಡಿನವರಿಗೆ ಮಾತ್ರ ಒಂದು ಬಾಗಿಲು ಮುಚ್ಚಿತು. ಇನ್ನೊಂದು ಮಾತು: ಬರೀ ಎಂ.ಎ. ಮಾಡಿದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋದಿಲ್ಲ, ಅದಕ್ಕೆ ಬೇರೆ ತರಬೇತಿ, ನೋಂದಣಿ ಬೇಕು.

ಕೋರ್ಸಿಗೆ ಕಾಯದೆ ಕಲಿಯಬಹುದಾದ್ದೂ ಒಂದಿದೆ. ಅಪ್ಪ ಹೇಳಿದ್ದನ್ನ ನಿಮ್ಮ ಮಾತಲ್ಲಿ ತಿರುಗಿ ಹೇಳಿ, 'ಸರಿಯಾ?' ಅಂತ ಕೇಳಿ. ಸಂಕಟ ಅದಕ್ಕೂ ಮೀರಿದ್ದರೆ ಟೆಲಿ-ಮಾನಸ್ ಇದೆ: 14416, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ.