ಸರಪಳಿಯ ಮಲ್ಲ

ಜಪಾನಿನ ಕ್ರೀಡಾಭವನಗಳಲ್ಲಿ 1980ರ ದಶಕದಲ್ಲಿ ಒಂದು ವಿಚಿತ್ರ ದೃಶ್ಯ ಮತ್ತೆ ಮತ್ತೆ ಕಾಣಸಿಗುತ್ತಿತ್ತು. ಧ್ವನಿವರ್ಧಕದಲ್ಲಿ ಲೆಡ್ ಜೆಪ್ಲಿನ್ ವಾದ್ಯತಂಡದ ‘ಇಮಿಗ್ರಂಟ್ ಸಾಂಗ್’ ಮೊಳಗಿದೊಡನೆ, ಹೆಚ್ಚು ಹಣ ತೆತ್ತು ಮುಂದಿನ ಸಾಲುಗಳಲ್ಲಿ ಕುಳಿತವರು ಕುರ್ಚಿಗಳನ್ನು ತೊರೆದು ದಿಕ್ಕಾಪಾಲಾಗಿ ಓಡತೊಡಗುವರು! ಅವರ ಬೆನ್ನ ಹಿಂದೆಯೇ ಒಂದು ಭೀಕರ ಆಕೃತಿ ನುಗ್ಗಿ ಬರುವುದು. ಆರೂವರೆ ಅಡಿಯ ಆಸುಪಾಸಿನ ನಿಲುವು, ಸುಮಾರು 130 ಕಿಲೋ ತೂಕ, ಎಂದೂ ಬಾಚಣಿಗೆ ಕಾಣದಂತೆ ಕೆದರಿದ ಕೂದಲು, ಎದೆಯವರೆಗೆ ಬೆಳೆದ ಗಡ್ಡ, ಕಾಲಿಗೆ ತುಪ್ಪಳದ ಬೂಟು, ಕೈಯಲ್ಲಿ ಕಬ್ಬಿಣದ ಸರಪಳಿ. ಆ ಸರಪಳಿಯನ್ನು ಗಿರ್ರನೆ ಬೀಸುತ್ತ, ‘ಹಸ್! ಹಸ್!’ ಎಂದು ಗದರುತ್ತ, ಕುರ್ಚಿಗಳನ್ನು ಒದೆಯುತ್ತ ಬರುವವನೇ ಬ್ರೂಸರ್ ಬ್ರೋಡಿ. ಓಡಿದ ಜನರು ಸುರಕ್ಷಿತವಾದ ದೂರದಲ್ಲಿ ನಿಂತು ಹರ್ಷೋದ್ಗಾರ ಮಾಡುವರು. ಹೆದರುವುದಕ್ಕೆಂದೇ ಅವರು ಟಿಕೆಟು ಕೊಂಡಿದ್ದರು.

ಜಪಾನೀಯರು ಆತನಿಗೆ ಇಟ್ಟ ಅಡ್ಡಹೆಸರು ‘ಬುದ್ಧಿವಂತ ರಾಕ್ಷಸ’. ಈ ಎರಡು ಮಾತುಗಳಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚು ನಿಜವಾಗಿತ್ತು.

ಬ್ರೋಡಿ ಎಂಬುದು ಕಣದ ಹೆಸರು. ತಂದೆತಾಯಿಗಳು ಇಟ್ಟದ್ದು ಫ್ರಾಂಕ್ ಡೊನಾಲ್ಡ್ ಗುಡಿಶ್ ಎಂದು. ಜನನ 1946ರ ಜೂನ್ 18ರಂದು, ಅಮೆರಿಕದ ಮೋಟಾರು ನಗರಿ ಡೆಟ್ರಾಯಿಟ್‌ನಲ್ಲಿ. ಬಾಲ್ಯದಿಂದಲೂ ಗಟ್ಟಿ ಮೈಯ ಹುಡುಗ. ಅಮೆರಿಕನ್ ಫುಟ್‌ಬಾಲ್ ಆಡಿಕೊಂಡೇ ವೆಸ್ಟ್ ಟೆಕ್ಸಾಸ್ ವಿಶ್ವವಿದ್ಯಾಲಯದ ಮೆಟ್ಟಿಲೇರಿದನು. ಆ ವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಅದೇನು ವರವಿತ್ತೋ! ಡೋರಿ ಫಂಕ್, ಟೆರಿ ಫಂಕ್ ಸೋದರರು, ಡಸ್ಟಿ ರೋಡ್ಸ್, ಸ್ಟಾನ್ ಹ್ಯಾನ್ಸನ್ ಮೊದಲಾದ ಹೆಸರಾಂತ ಕುಸ್ತಿಪಟುಗಳೆಲ್ಲ ಅಲ್ಲಿಂದಲೇ ಬಂದವರು. ಫುಟ್‌ಬಾಲಿನಲ್ಲಿ ಗುಡಿಶ್‌ಗೆ ನೆಲೆ ಸಿಗಲಿಲ್ಲ. ಕೆಲಕಾಲ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿ ಪತ್ರಿಕೆಗೆ ಕ್ರೀಡಾಲೇಖನಗಳನ್ನು ಬರೆದನು. ಮುಂದೆ ಪ್ರೇಕ್ಷಕರ ಮೇಲೆ ಸರಪಳಿ ಬೀಸಲಿದ್ದ ಕೈ ಆಗ ಲೇಖನಿ ಹಿಡಿದಿತ್ತು. 1973ರಲ್ಲಿ ಫ್ರಿಟ್ಸ್ ವಾನ್ ಎರಿಕ್ ಎಂಬ ಹಿರಿಯ ಮಲ್ಲನ ಗರಡಿಯಲ್ಲಿ ಪಳಗಿ ಕಣಕ್ಕೆ ಇಳಿದನು.

ಈ ಕುಸ್ತಿ ನಮ್ಮ ಗರಡಿಮನೆಯ ಕೆಮ್ಮಣ್ಣಿನ ಕುಸ್ತಿಯಲ್ಲ. ದಾರಾಸಿಂಗ್ ಮತ್ತು ಕಿಂಗ್‌ಕಾಂಗ್ ಸೆಣಸಾಡಿದ ಫ್ರೀಸ್ಟೈಲ್ ಕುಸ್ತಿಯ ಬಳಗಕ್ಕೆ ಸೇರಿದ್ದು. ಇಲ್ಲಿ ಗೆಲ್ಲುವವರು ಯಾರು, ಸೋಲುವವರು ಯಾರು ಎಂಬುದು ಮೊದಲೇ ನಿರ್ಧಾರವಾಗಿರುತ್ತದೆ. ಹಾಗೆಂದು ಎಲ್ಲವೂ ಸೋಗೆಂದು ತಿಳಿಯಬಾರದು. ಬೀಳುವ ಮೈ ನಿಜವಾದದ್ದು, ಹಣೆಯಿಂದ ಸುರಿಯುವ ರಕ್ತವೂ ನಿಜವಾದದ್ದು. ಬೆರಳಿನ ಪಟ್ಟಿಯಲ್ಲಿ ಬಚ್ಚಿಟ್ಟ ಬ್ಲೇಡಿನ ಚೂರಿನಿಂದ ಮಲ್ಲರು ತಮ್ಮ ಹಣೆಯನ್ನು ತಾವೇ ಗೀರಿಕೊಳ್ಳುವುದು ಆ ಕಸುಬಿನ ಹಳೆಯ ಪದ್ಧತಿ. ಬ್ರೋಡಿಯ ಹಣೆಯಂತೂ ನೇಗಿಲು ಹೊಡೆದ ಹೊಲದಂತಾಗಿತ್ತು. ಎದುರಾಳಿಯು ತನ್ನನ್ನು ಎತ್ತಿ ಕೆಡೆಯುವಾಗ ಕುತ್ತಿಗೆ ಮುರಿಯದಂತೆ ನೋಡಿಕೊಳ್ಳುವನೆಂಬ ನಂಬಿಕೆಯ ಮೇಲೆ ಇಡೀ ಆಟ ನಿಂತಿದೆ. ಹೊರಗೆ ವೈರಿಗಳಂತೆ ಕಾಣುವ ಇಬ್ಬರು ಒಳಗೆ ಒಬ್ಬರ ಪ್ರಾಣವನ್ನೊಬ್ಬರು ಕಾಯುವ ಕಸುಬು ಅದು.

ಬ್ರೋಡಿಯ ಸ್ವಭಾವವನ್ನು ಅರಿಯಬೇಕಾದರೆ ಅಲ್ಲಿನ ವ್ಯಾಪಾರವನ್ನೂ ಸ್ವಲ್ಪ ಅರಿಯಬೇಕು. ಆ ದಿನಗಳಲ್ಲಿ ಅಮೆರಿಕವನ್ನು ಕುಸ್ತಿಯ ವ್ಯವಸ್ಥಾಪಕರು ಪಾಳೆಯಗಾರರಂತೆ ಸೀಮೆ ಸೀಮೆಯಾಗಿ ಹಂಚಿಕೊಂಡಿದ್ದರು. ಮಲ್ಲರಿಗೆ ಸಂಘವಿಲ್ಲ, ನಿವೃತ್ತಿವೇತನವಿಲ್ಲ. ಅಂದಿನ ಗಲ್ಲಾಪೆಟ್ಟಿಗೆಯಲ್ಲಿ ಎಷ್ಟು ಕೂಡಿತು, ಅದರಲ್ಲಿ ಮಲ್ಲನ ಪಾಲೆಷ್ಟು ಎಂಬುದೆಲ್ಲ ವ್ಯವಸ್ಥಾಪಕನ ಬಾಯಿಮಾತು. ಬ್ರೋಡಿಗೆ ಈ ಬಾಯಿಮಾತಿನಲ್ಲಿ ವಿಶ್ವಾಸವಿರಲಿಲ್ಲ. ತನ್ನ ಹೆಸರೇ ತನ್ನ ಬಂಡವಾಳವೆಂದೂ, ಕಂಡಕಂಡವರಿಗೆ ಸೋತರೆ ಆ ಬಂಡವಾಳ ಕರಗುವುದೆಂದೂ ಆತ ಲೆಕ್ಕ ಹಾಕಿದ್ದನು. ಸೋಲಲು ಒಪ್ಪುತ್ತಿರಲಿಲ್ಲ, ಕಾಸು ಕಡಮೆಯೆನಿಸಿದರೆ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದನು. 1985ರ ಕೊನೆಯಲ್ಲಿ ಜಪಾನಿನ ದೊಡ್ಡ ಪಂದ್ಯಾವಳಿಯೊಂದರ ಅಂತಿಮ ಸ್ಪರ್ಧೆಗೇ ಹಾಜರಾಗದೆ ನಡೆದುಬಿಟ್ಟನು. ವ್ಯವಸ್ಥಾಪಕರು ಆತನನ್ನು ಶಪಿಸುತ್ತಿದ್ದರು. ಮರುವರ್ಷ ಮತ್ತೆ ಕರೆಯುತ್ತಿದ್ದರು. ಬ್ರೋಡಿಯ ಹೆಸರು ಹಾಕಿದರೆ ಜನ ಸೇರುತ್ತಾರಲ್ಲ!

ಈ ಹಟಮಾರಿತನ ಎಲ್ಲ ಸಲವೂ ನ್ಯಾಯದ ಪಕ್ಷದಲ್ಲಿತ್ತೆಂದು ಹೇಳಲಾಗದು. 1987ರ ಜನವರಿಯಲ್ಲಿ ಫ್ಲಾರಿಡಾದ ಲೇಕ್‌ಲ್ಯಾಂಡ್‌ನಲ್ಲಿ ಲೆಕ್ಸ್ ಲೂಗರ್ ಎಂಬ ತರುಣನೊಡನೆ ಕಬ್ಬಿಣದ ಪಂಜರದೊಳಗೆ ಕಾಳಗ ಏರ್ಪಟ್ಟಿತ್ತು. ನಡುವೆ ಏನನ್ನಿಸಿತೋ, ಬ್ರೋಡಿ ಇದ್ದಕ್ಕಿದ್ದಂತೆ ಕಲ್ಲಿನಂತೆ ನಿಂತುಬಿಟ್ಟನು. ಲೂಗರ್ ಹೊಡೆದರೆ ಆತ ಅಲುಗಲಿಲ್ಲ, ಬೀಳಲಿಲ್ಲ, ತಿರುಗಿ ಹೊಡೆಯಲೂ ಇಲ್ಲ. ಕಣ್ಣು ಮಿಟುಕಿಸದೆ ದಿಟ್ಟಿಸಿದನು, ಅಷ್ಟೇ. ಕಟ್ಟುಮಸ್ತಾದ ಮೈಯ ಆ ಯುವಕನು ಗಾಬರಿಗೊಂಡು ಪಂಜರವನ್ನು ಹತ್ತಿ ಹೊರಕ್ಕೆ ಹಾರಿದನು. ಕಣದಲ್ಲಿ ಪರಸ್ಪರ ನಂಬಿಕೆಯೇ ಎಲ್ಲವೆಂಬುದು ಆ ತರುಣನಿಗೆ ಅಂದು ಮನವರಿಕೆಯಾಗಿರಬೇಕು. ಅದನ್ನು ಮುರಿದವನು ಬ್ರೋಡಿಯೇ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ನ್ಯೂಯಾರ್ಕಿನ ಹಿರಿಯ ವ್ಯವಸ್ಥಾಪಕ ವಿನ್ಸೆಂಟ್ ಮೆಕ್‌ಮಹಾನ್‌ನ ಕಣದಲ್ಲಿ ಬ್ರೂಸರ್ ಬ್ರೋಡಿ ಎಂಬ ಹೆಸರು ಹೊತ್ತು, 1976ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬ್ರೂನೋ ಸಮ್ಮಾರ್ಟಿನೋನಂಥ ಮಹಾಮಲ್ಲನನ್ನು ಎದುರಿಸಿದ್ದುಂಟು. ಮುಂದೆ ಮೆಕ್‌ಮಹಾನ್‌ನ ಮಗ ಸೀಮೆಗಳ ಗಡಿಯನ್ನೆಲ್ಲ ಅಳಿಸಿ ದೇಶವನ್ನೇ ಆಕ್ರಮಿಸಿದಾಗ, ನಾಮಾಂಕಿತ ಮಲ್ಲರು ಸಾಲುಗಟ್ಟಿ ಆ ಸಂಸ್ಥೆಯ ಕರಾರಿಗೆ ರುಜು ಹಾಕಿದರು. ಬ್ರೋಡಿ ಹಾಕಲಿಲ್ಲ. ಅದೇ ಸಂಸ್ಥೆ 2019ರಲ್ಲಿ ಆತನ ಹೆಸರನ್ನು ತನ್ನ ಕೀರ್ತಿಮಂದಿರದಲ್ಲಿ ಸೇರಿಸಿಕೊಂಡಿತು.

ಆತನ ಹೃದಯಕ್ಕೆ ಹತ್ತಿರವಾದದ್ದು ಜಪಾನು. 1979ರಲ್ಲಿ ಜಯಂಟ್ ಬಾಬಾನ ಆಲ್ ಜಪಾನ್ ಸಂಸ್ಥೆಯ ಮೂಲಕ ಅಲ್ಲಿಗೆ ಕಾಲಿಟ್ಟನು. ಹಳೆಯ ಸಹಪಾಠಿ ಸ್ಟಾನ್ ಹ್ಯಾನ್ಸನ್ ಜೊತೆಗೂಡಿದ ಮೇಲೆ ಆ ಜೋಡಿ ಕಾಡಾನೆಗಳ ಜೋಡಿಯಾಯಿತು. ಬ್ರೋಡಿಯ ಕಾಳಗ ಹಗ್ಗಗಳ ನಡುವೆ ಮುಗಿಯುತ್ತಿರಲಿಲ್ಲ. ಅದು ಪ್ರೇಕ್ಷಕರ ನಡುವೆ ಹಾಯ್ದು, ಮೇಜು ಕುರ್ಚಿಗಳನ್ನು ಪುಡಿಗುಟ್ಟಿ, ಕೆಲವೊಮ್ಮೆ ಬಾಗಿಲಾಚೆಗೂ ಹೋಗುತ್ತಿತ್ತು. ಅಮೆರಿಕದ ಕುಸ್ತಿಪತ್ರಿಕೆಯೊಂದು ವರ್ಷದ ಅತ್ಯುತ್ತಮ ಹೊಡೆದಾಟಗಾರನಿಗೆ ಕೊಡುವ ಪ್ರಶಸ್ತಿಗೆ ಮುಂದೆ ಆತನ ಹೆಸರನ್ನೇ ಇಟ್ಟಿತು.

ಇಷ್ಟಾಗಿ ಮನೆಯಲ್ಲಿ ಆತ ಮೆಲುದನಿಯ ಗೃಹಸ್ಥ. ಪತ್ನಿ ಬಾರ್ಬರಾ, ಒಬ್ಬ ಚಿಕ್ಕ ಮಗ. ದಂಡಿಸಿ ಬೇಡಿ ಪಡೆದ ಹಣವೆಲ್ಲ ಟೆಕ್ಸಾಸಿನ ಆ ಮನೆಗೆ ಹೋಗುತ್ತಿತ್ತು.

1988ರ ಮಾರ್ಚ್ 27ರಂದು ಟೋಕಿಯೋದ ಬುಡೋಕಾನ್ ಭವನದಲ್ಲಿ ಜಂಬೋ ಸುರುತನನ್ನು ಸೋಲಿಸಿ ಬ್ರೋಡಿ ಅಂತರರಾಷ್ಟ್ರೀಯ ಪಟ್ಟವನ್ನು ಮರಳಿ ಪಡೆದನು. ಅಂದು ಸರಪಳಿ ಬೀಸುವುದನ್ನು ಮರೆತು ಆತ ಅತ್ತುಬಿಟ್ಟನು. ತನ್ನನ್ನು ಕಂಡು ಓಡುತ್ತಿದ್ದ ಅಭಿಮಾನಿಗಳನ್ನೇ ಬಾಚಿ ತಬ್ಬಿಕೊಂಡನು. ಗೆಲುವು ಪೂರ್ವನಿರ್ಧರಿತವೇ ಇರಬಹುದು. ಆ ಕಣ್ಣೀರನ್ನು ಯಾರೂ ಮೊದಲೇ ಬರೆದುಕೊಟ್ಟಿರಲಿಲ್ಲವೆಂದು ಕಂಡವರು ನಂಬಿದರು.

ನಾಲ್ಕು ತಿಂಗಳೂ ತುಂಬಲಿಲ್ಲ. ಜುಲೈ 16ರ ಸಂಜೆ ಕೆರಿಬಿಯನ್ ಸಮುದ್ರದ ಪೋರ್ಟೊರಿಕೋ ದ್ವೀಪದಲ್ಲಿ, ಬಯಮೋನ್ ಪಟ್ಟಣದ ಕ್ರೀಡಾಂಗಣದಲ್ಲಿ ಪಂದ್ಯಗಳಿದ್ದವು. ಉಡುಪು ಬದಲಿಸುವ ಕೋಣೆಯಲ್ಲಿ ಮಲ್ಲರು ಸಿದ್ಧರಾಗುತ್ತಿದ್ದರು. ಸ್ಥಳೀಯ ಮಲ್ಲನೂ, ಪಂದ್ಯಗಳನ್ನು ಹೊಂದಿಸುವ ಹೊಣೆ ಹೊತ್ತಿದ್ದವನೂ ಆದ ಹೊಸೆ ಹುಯೆರ್ತಾಸ್ ಗೊನ್ಸಾಲೆಸ್, ಮಾತನಾಡುವುದಿದೆಯೆಂದು ಬ್ರೋಡಿಯನ್ನು ಪಕ್ಕದ ಸ್ನಾನದ ಕೋಣೆಗೆ ಕರೆದನು. ಸ್ವಲ್ಪ ಹೊತ್ತಿನಲ್ಲಿ ಚೀತ್ಕಾರ ಕೇಳಿಸಿತು. ಓಡಿ ಬಂದವರಿಗೆ ಕಂಡದ್ದು ಹೊಟ್ಟೆಯನ್ನು ಒತ್ತಿ ಹಿಡಿದ ಬ್ರೋಡಿ. ಬೆರಳುಗಳ ಸಂದಿನಲ್ಲಿ ರಕ್ತ. ಆ ರಕ್ತ ಹಣೆಯ ರಕ್ತವಲ್ಲ. ಬ್ಲೇಡಿನ ಚೂರು ಬರಿಸಿದ ರಕ್ತವಲ್ಲ.

ಹೊರಗೆ ಕುಸ್ತಿ ನೋಡಲು ಬಂದ ಜನರ ವಾಹನಗಳು ದಾರಿಯನ್ನೆಲ್ಲ ಕಟ್ಟಿದ್ದವು. ಆಂಬುಲೆನ್ಸ್ ಬಹಳ ತಡವಾಗಿ ತಲಪಿತು. ಬಂದ ಸಿಬ್ಬಂದಿಗೆ ಆ ಬೃಹತ್ ಶರೀರವನ್ನು ಎತ್ತಲಾಗಲಿಲ್ಲ. ಟೋನಿ ಅಟ್ಲಾಸ್ ಎಂಬ ಬಲಶಾಲಿ ಮಲ್ಲನೇ ಗೆಳೆಯನನ್ನು ತೋಳುಗಳಲ್ಲಿ ಹೊತ್ತು ಇಳಿಸಿದನು. ತನ್ನ ಹೆಂಡತಿ ಮಗುವನ್ನು ನೋಡಿಕೊಳ್ಳಿರೆಂದು ಬ್ರೋಡಿ ಅಂಗಲಾಚಿದನಂತೆ. ಮರುದಿನ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟನು. ವಯಸ್ಸು 42.

ಆಗಸ್ಟ್ 29ರಂದು ಬುಡೋಕಾನ್‌ನಲ್ಲಿ ಆತನ ಸ್ಮರಣೆಗಾಗಿ ಪಂದ್ಯಗಳು ನಡೆದವು. ಅಂದು ಮುಂದಿನ ಸಾಲುಗಳಲ್ಲಿ ಕುಳಿತವರು ಏಳಬೇಕಾಗಿರಲಿಲ್ಲ.

ಪೋರ್ಟೊರಿಕೋದಲ್ಲಿ ಗೊನ್ಸಾಲೆಸ್ ಮೇಲೆ ಮೊಕದ್ದಮೆ ಹೂಡಲಾಯಿತು. ಆತ್ಮರಕ್ಷಣೆಗಾಗಿ ಹಾಗೆ ಮಾಡಬೇಕಾಯಿತೆಂದು ಆತನ ವಾದ. ದ್ವೀಪದ ಜನರಿಗೆ ಆತ ಮೆಚ್ಚಿನ ವೀರ; ಸತ್ತವನಾದರೋ ತಾನು ಕ್ರೂರಿಯೆಂದು ಜಗತ್ತನ್ನೆಲ್ಲ ನಂಬಿಸಲು ಹದಿನೈದು ವರ್ಷ ದುಡಿದವನು. ಬಯಲಾಟದ ರಕ್ಕಸನು ಬಣ್ಣ ತೊಳೆಯುವ ಮೊದಲೇ ತೀರ್ಪಿಗೆ ನಿಂತಂತಾಯಿತು! 1989ರ ಜನವರಿಯಲ್ಲಿ ಜ್ಯೂರಿಯವರು ಆಪಾದಿತನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿದರು. ಆತ ಮತ್ತೆ ಕಣಕ್ಕಿಳಿದು ಹಲವು ವರ್ಷ ಕುಸ್ತಿಯಾಡಿದನು. ಸ್ನಾನದ ಕೋಣೆಯಲ್ಲಿ ನಡೆದ ಮಾತುಕತೆಯನ್ನು ಬಲ್ಲವರು ಇಬ್ಬರೇ. ಅವರಲ್ಲೊಬ್ಬನ ಹೇಳಿಕೆ ಮಾತ್ರ ನ್ಯಾಯಾಲಯಕ್ಕೆ ದೊರೆಯಿತು.

ಅಂದು ಆ ಕ್ರೀಡಾಂಗಣದಲ್ಲಿದ್ದ ಅಮೆರಿಕನ್ ಮಲ್ಲರು ಸಾಕ್ಷಿ ಹೇಳಲು ಬರಲಿಲ್ಲ. ಅವರಲ್ಲೊಬ್ಬನಾದ ಡಚ್ ಮ್ಯಾಂಟೆಲ್ ಮುಂದೆ ಕಾರಣವನ್ನು ತಿಳಿಸಿದನು. ಸಾಕ್ಷಿಗೆ ಹಾಜರಾಗಬೇಕೆಂಬ ಸಮನ್ಸು ಅಂಚೆಯಲ್ಲಿ ಆತನ ಮನೆಗೆ ಬಂದಿತ್ತು. ಲಕೋಟೆಯನ್ನು ಒಡೆದು ನೋಡುವಷ್ಟರಲ್ಲಿ ವಿಚಾರಣೆ ಮುಗಿದುಹೋಗಿತ್ತು.