ಆರನೆಯ ಸಂಖ್ಯೆ ಕಲಿಸಿದ ಪಾಠ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಒಂಬತ್ತನೇ ತರಗತಿಯ ಕರಿಹಲಗೆಯ ಮೇಲೆ 2, 4, 16, 256, 65,536 ಎಂದು ಬರೆದೆ. ಪ್ರತಿಯೊಂದೂ ಹಿಂದಿನದರ ವರ್ಗ. ಎಲ್ಲಕ್ಕೂ ಒಂದೊಂದು ಕೂಡಿಸಿ: 3, 5, 17, 257, 65,537. ಐದೂ ಅವಿಭಾಜ್ಯ ಸಂಖ್ಯೆಗಳು. ‘ಮುಂದಿನವೂ ಹೀಗೆಯೇ’ ಎಂದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಆರನೆಯದನ್ನು ಭಾಗಿಸಿ ನೋಡಿದ್ದೀರಾ ಸಾರ್?’

ನೋಡಿರಲಿಲ್ಲ. ಆದರೂ ‘ಮೊದಲು ಪರೀಕ್ಷೆಗೆ ಬರೋದನ್ನ ಓದಮ್ಮ’ ಎಂದು ಗದರಿ ಕೂರಿಸಿದೆ.

ಅವಳ ಪ್ರಶ್ನೆಯ ಬೆಲೆ ತಿಳಿದದ್ದು ಮುಂದೆ ಗಣಿತದ ಇತಿಹಾಸ ಓದಿದಾಗ. ನಾನು ಹೇಳಿದ್ದನ್ನೇ ಫ್ರಾನ್ಸಿನ ಪಿಯೆರ್ ದ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಬರೆದಿದ್ದ. ಆದರೆ ಸಾಧನೆ ತನಗೆ ದೊರೆತಿಲ್ಲವೆಂದು ಒಪ್ಪಿಕೊಳ್ಳುವ ವಿನಯ ಅವನಿಗಿತ್ತು. ನನಗಿರಲಿಲ್ಲ.

ಆರನೆಯ ಸಂಖ್ಯೆ 429,49,67,297. ಅಂದರೆ ನಾನೂರ ಇಪ್ಪತ್ತೊಂಬತ್ತು ಕೋಟಿಗೂ ಮಿಕ್ಕಿದ್ದು. ಇದು ಅವಿಭಾಜ್ಯವೇ ಎಂದು ನೇರವಾಗಿ ಪರೀಕ್ಷಿಸಲು ಆರು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾದೀತು. 1732ರಲ್ಲಿ 25ರ ಹರೆಯದ ಲಿಯೊನಾರ್ಡ್ ಆಯ್ಲರ್ ಇದು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ತೋರಿಸಿದ. ಭಾಗಲಬ್ಧ 67,00,417.

ಇದರ ಹಿಂದಿನ ಉಪಾಯವನ್ನೂ ಅವನು ಮುಂದೆ ವಿವರಿಸಿದ. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನವೇನಾದರೂ ಇದ್ದರೆ, ಅದನ್ನು 64ರಿಂದ ಭಾಗಿಸಿದಾಗ 1 ಶೇಷ ಉಳಿಯಲೇಬೇಕು. ಅಂಥ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ನೋಡಿ, ಆರು ಸಾವಿರ ಭಾಗಾಕಾರಗಳ ಕೆಲಸ ಐದನೆಯದಕ್ಕೇ ಮುಗಿಯಿತು! ಮಕ್ಕಳೇ, ಕ್ಯಾಲ್ಕುಲೇಟರ್ ಬದಿಗಿಟ್ಟು ಈ ಐದು ಭಾಗಾಕಾರಗಳನ್ನು ನೀವೇ ಮಾಡಿ ನೋಡಿ. ಅರ್ಧ ಗಂಟೆ ಸಾಕು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಆರನೆಯದರಿಂದ ಮೂವತ್ತಮೂರನೆಯದರವರೆಗೆ ಈ ಸರಣಿಯ ಎಲ್ಲ ಸಂಖ್ಯೆಗಳೂ ವಿಭಾಜ್ಯವೆಂದು ಈಗ ಗೊತ್ತಾಗಿದೆ. ಮೊದಲ ಐದನ್ನು ಬಿಟ್ಟರೆ ಇನ್ನೊಂದು ಅವಿಭಾಜ್ಯ ಇದುವರೆಗೆ ಸಿಕ್ಕಿಲ್ಲ. ಹಾಗೆಂದು ‘ಇನ್ನು ಇಲ್ಲವೇ ಇಲ್ಲ’ ಎನ್ನುವಂತೆಯೂ ಇಲ್ಲ. ಅದನ್ನೂ ಯಾರೂ ಸಾಧಿಸಿಲ್ಲ. ಐದು ಉದಾಹರಣೆಗಳನ್ನು ನಂಬಿ ಒಮ್ಮೆ ಎಡವಿದ್ದೇವೆ. ಇಪ್ಪತ್ತೆಂಟನ್ನು ನಂಬಿ ಮತ್ತೆ ಎಡವಬಾರದಷ್ಟೆ.

ತಂದೆ ತಾಯಿಯರಲ್ಲಿ ಒಂದು ವಿನಂತಿ. ಮಗು ‘ಯಾಕೆ?’ ‘ನೋಡಿದ್ದೀರಾ?’ ಎಂದು ಕೇಳಿದಾಗ ಉತ್ತರ ತಿಳಿಯದಿದ್ದರೆ ‘ಗೊತ್ತಿಲ್ಲ, ಬಾ, ಲೆಕ್ಕ ಹಾಕೋಣ’ ಎನ್ನಿ. ಅಂಕಪಟ್ಟಿಯಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ, ನಿಜ. ಆದರೆ ಒಮ್ಮೆ ಗದರಿಸಿಕೊಂಡ ಮಗು ಎರಡನೆಯ ಸಲ ಕೈ ಎತ್ತುವುದಿಲ್ಲ. ಆ ಹುಡುಗಿಯೂ ವರ್ಷ ಮುಗಿಯುವವರೆಗೆ ಮತ್ತೆ ಪ್ರಶ್ನೆ ಕೇಳಲಿಲ್ಲ.

ಈಗ ಪ್ರತಿ ವರ್ಷವೂ ಆ ಐದು ಸಂಖ್ಯೆಗಳನ್ನು ಕರಿಹಲಗೆಯ ಮೇಲೆ ಬರೆದು, ಆರನೆಯದರ ಜಾಗ ಖಾಲಿ ಬಿಟ್ಟು ಸುಮ್ಮನೆ ನಿಲ್ಲುತ್ತೇನೆ. ಯಾರಾದರೂ ಕೇಳಲಿ ಎಂದು.