ತರಿಯೋ, ನೈಸೋ?

ಇಂಗ್ಲಿಷಿನ ವಿಶೇಷಣಗಳಲ್ಲಿ ಅತ್ಯಂತ ನಿಸ್ಸತ್ತ್ವವಾದುದು ಯಾವುದೆಂದು ಆ ಭಾಷೆಯನ್ನು ಬೋಧಿಸುವ ಅಧ್ಯಾಪಕರನ್ನು ಕೇಳಿದರೆ ಅವರಲ್ಲಿ ಬಹುಮಂದಿ ‘ನೈಸ್’ ಎಂಬ ಶಬ್ದವನ್ನೇ ಹೆಸರಿಸುವರೆಂಬುದು ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ಹೊಸ ಸಂಗತಿಯಲ್ಲ. ಹವೆಯೂ ನೈಸು, ಊಟವೂ ನೈಸು, ನೆರೆಮನೆಯವರೂ ನೈಸು, ನಿನ್ನೆಯ ಸಿನಿಮಾವೂ ನೈಸು ಎಂದ ಮೇಲೆ ಆ ಶಬ್ದದಲ್ಲಿ ಉಳಿದಿರುವ ಅರ್ಥವಾದರೂ ಏನು ಎಂಬ ಅವರ ಆಕ್ಷೇಪಣೆಯು ಒಂದು ಮಟ್ಟಿಗೆ ನ್ಯಾಯವಾದುದೇ. ಆದರೆ ಯಾವ ಸೂಕ್ಷ್ಮತೆಯನ್ನು ಕಳೆದುಕೊಂಡು ಈ ಪದ ನಿರ್ಗತಿಕವಾಯಿತೆಂದು ಪಂಡಿತರು ಎರಡು ಶತಮಾನಗಳಿಂದ ಶೋಕಿಸುತ್ತಿರುವರೋ ಅದೇ ಸೂಕ್ಷ್ಮತೆಯನ್ನು, ಮೈಸೂರಿನ ಅಗ್ರಹಾರದ ಹಿಟ್ಟಿನ ಗಿರಣಿಯೊಂದರಲ್ಲಿ, ವೃದ್ಧೆಯೊಬ್ಬರ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಕಿಂಚಿತ್ತೂ ಊನವಿಲ್ಲದಂತೆ ನಾನು ಕಂಡೆನಾದುದರಿಂದ, ಆ ಶೋಕದಲ್ಲಿ ಭಾಗಿಯಾಗಲು ನನ್ನ ಮನಸ್ಸು ಒಪ್ಪದಾಗಿದೆ.

ಗೋಕುಲಾಷ್ಟಮಿಗೆ ಕೆಲವೇ ದಿನಗಳಿದ್ದ ಬೆಳಗದು. ಗಿರಣಿಯ ಮುಂದೆ ಡಬ್ಬಗಳ ಸಾಲು ಬೀದಿಯವರೆಗೂ ಹಬ್ಬಿತ್ತು. ರಾಗಿಗೊಂದು ಯಂತ್ರ, ಅಕ್ಕಿಗೊಂದು ಯಂತ್ರ, ಕೆಮ್ಮು ತರಿಸುವ ಮೆಣಸಿನಕಾಯಿಗೆ ಗೋಡೆಯ ಆಚೆ ಬೇರೊಂದು. ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತ ಗಿರಣಿಯಾತನು ಪ್ರತಿಯೊಂದು ಡಬ್ಬವನ್ನೆತ್ತಿದಾಗಲೂ ಒಂದೇ ಪ್ರಶ್ನೆಯನ್ನು ಮಂತ್ರದಂತೆ ಉಚ್ಚರಿಸುತ್ತಿದ್ದನು.

“ಅಜ್ಜಿ, ನೈಸ್ ಬೇಕೋ ತರಿ ಬೇಕೋ?”

“ಚಕ್ಕುಲಿಗಪ್ಪಾ, ನೈಸಾಗೇ ಬೀಸು. ಹೋದ ವರ್ಷ ತರಿತರಿ ಮಾಡ್ಕೊಟ್ಟೆ, ಒರಳಲ್ಲಿ ಒತ್ತೋವಾಗ ಎಲ್ಲಾ ಹರಿದ್ಹರಿದು ಬಿತ್ತು.”

ಯಂತ್ರದ ಬಾಯಿಗೆ ಕಟ್ಟಿದ ಬಟ್ಟೆಯ ಚೀಲದಿಂದ ಹಿಟ್ಟು ಇಳಿಯತೊಡಗಿದಾಗ ಅಜ್ಜಿಯವರು ಮುಂದೆ ಬಂದು ಒಂದು ಚಿಟಿಕೆಯನ್ನು ತೆಗೆದುಕೊಂಡು, ಕಣ್ಣು ಅರೆಮುಚ್ಚಿ, ವೈದ್ಯನು ನಾಡಿ ಹಿಡಿವ ಗಾಂಭೀರ್ಯದಿಂದ ಎರಡು ಬೆರಳುಗಳ ನಡುವೆ ಅದನ್ನು ಉಜ್ಜಿ ನೋಡಿದರು. “ಇದು ನೈಸಲ್ಲ ಕಣಪ್ಪ, ಕಲ್ಲು ಇನ್ನೊಂಚೂರು ಬಿಗಿ ಮಾಡು” ಎಂದರು. ಆತನು ತಿರುಪನ್ನು ಅಲ್ಪವೇ ತಿರುಗಿಸಿದನು. ಮತ್ತೊಂದು ಚಿಟಿಕೆ, ಮತ್ತೆ ಅದೇ ತೀರ್ಪು. “ಇನ್ನೂ ನೈಸ್ ಮಾಡಿದ್ರೆ ಹಿಟ್ಟು ಬಿಸಿಯಾಗಿ ಸುಟ್ಟ ವಾಸನೆ ಬರುತ್ತೆ ಅಜ್ಜಿ” ಎಂದು ಆತನು ತನ್ನ ಶಾಸ್ತ್ರದ ಮೇರೆಯನ್ನು ಹೇಳಿದ ಮೇಲೆ ಇಬ್ಬರ ನಡುವೆ ಒಂದು ಬಗೆಯ ಸಂಧಾನ ಏರ್ಪಟ್ಟಿತು. ನಾನು ತಡೆಯಲಾರದೆ, “ನೈಸ್ ಅಂದ್ರೆ ಏನು ಅಜ್ಜಿ?” ಎಂದು ಕೇಳಿಯೇಬಿಟ್ಟೆ. ಇಷ್ಟು ದೊಡ್ಡವನಿಗೆ ಇದೂ ತಿಳಿಯದೇ ಎಂಬಂತೆ ನನ್ನನ್ನು ನೋಡಿ, “ನೈಸ್ ಅಂದ್ರೆ ನೈಸು. ಕೈಗೆ ಸಿಕ್ಕಬಾರದು” ಎಂದರು.

ಕೈಗೆ ಸಿಕ್ಕಬಾರದು! ಈ ಶಬ್ದಕ್ಕೆ ನಾನು ನೋಡಿರುವ ಯಾವ ನಿಘಂಟಿನ ಲಕ್ಷಣವಾಕ್ಯವೂ ಇದರ ಮುಂದೆ ನಿಲ್ಲಲಾರದು. ಇಡ್ಲಿಯ ರವೆಯಿಂದ ಮೊದಲ್ಗೊಂಡು, ಕಡುಬಿನ ತರಿಯನ್ನು ದಾಟಿ, ಚಕ್ಕುಲಿಯ ಹಿಟ್ಟಿನಲ್ಲಿ ಮುಗಿಯುವ ಒಂದು ಅಳತೆಗೋಲು ಅವರ ಬೆರಳಿನಲ್ಲಿದೆ. ಆ ಗೋಲಿನ ತುತ್ತತುದಿಯ ಬಿಂದುವಿನ ಹೆಸರು ನೈಸ್. ಅಲ್ಲಿ ಪ್ರಶಂಸೆಯೂ ಇಲ್ಲ, ಉಪಚಾರವೂ ಇಲ್ಲ. ಇರುವುದು ನಿಷ್ಕೃಷ್ಟತೆ ಮಾತ್ರ.

ಈ ಪದದ ಪೂರ್ವಚರಿತ್ರೆಯನ್ನು ಬಲ್ಲವರಿಗೆ ಗಿರಣಿಯ ಈ ನಿಷ್ಕೃಷ್ಟತೆಯು ಆಶ್ಚರ್ಯವನ್ನೂ ಆನಂದವನ್ನೂ ಒಟ್ಟಿಗೇ ಉಂಟುಮಾಡದಿರದು. ಲ್ಯಾಟಿನ್ನಿನಲ್ಲಿ ‘ಅರಿಯದವನು’ ಎಂಬರ್ಥದ ‘ನೆಸ್ಕಿಯುಸ್’ ಎಂಬುದು ಇದರ ಮೂಲ. ಅದು ಹಳೆಯ ಫ್ರೆಂಚಿನ ಮೂಲಕ 13ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡನ್ನು ಸೇರಿದಾಗ ಅದರ ಅರ್ಥ ಮೂಢ, ಪೆದ್ದ ಎಂದಷ್ಟೇ ಆಗಿತ್ತು. ಚಾಸರನ ಕಾಲದಲ್ಲಿ ಒಬ್ಬನನ್ನು ನೈಸ್ ಎಂದು ಕರೆದರೆ ಆತನು ಸಂತೋಷಪಡುವ ಸಂಭವವಿರಲಿಲ್ಲ. ಅಲ್ಲಿಂದ ಮುಂದೆ ಅದು ಅಂಜುಬುರುಕನ, ಅತಿನಾಜೂಕಿನವನ, ಊಟದಲ್ಲಿ ಉಡುಪಿನಲ್ಲಿ ದೋಷವನ್ನೇ ಹುಡುಕುವ ಕುಶಾಲಿಯ ವಿಶೇಷಣವಾಗಿ ಅಲೆದಾಡಿ, 16ನೆಯ ಶತಮಾನದಲ್ಲಿ ‘ಸೂಕ್ಷ್ಮವಾದ, ಕರಾರುವಾಕ್ಕಾದ’ ಎಂಬ ಗೌರವದ ಅರ್ಥಕ್ಕೆ ಬಂದು ನಿಂತಿತು. ಷೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದಲ್ಲಿ ತಲುಪದೆಹೋದ ಪತ್ರದ ವಿಷಯವಾಗಿ ಪಾದ್ರಿ ಲಾರೆನ್ಸನು ಈ ಶಬ್ದವನ್ನು ‘ಕ್ಷುಲ್ಲಕ’ ಎಂಬರ್ಥದಲ್ಲಿ ಆಡುತ್ತಾನೆ. 16 ಮತ್ತು 17ನೆಯ ಶತಮಾನಗಳ ಪ್ರಯೋಗಗಳಲ್ಲಿ ಲೇಖಕನ ಮನಸ್ಸಿನಲ್ಲಿದ್ದ ಅರ್ಥ ಯಾವುದೆಂದು ಹೇಳುವುದು ಎಷ್ಟೋ ವೇಳೆ ಕಷ್ಟವೆಂದು ಆಕ್ಸ್‌ಫರ್ಡ್ ಮಹಾನಿಘಂಟುವೇ ಕೈಚೆಲ್ಲಿದೆ. ‘ಹಿತವಾದ, ಸೊಗಸಾದ’ ಎಂಬ ಈಗಿನ ಅರ್ಥಕ್ಕೆ ದೊರೆಯುವ ದಾಖಲೆ 18ನೆಯ ಶತಮಾನದ ಉತ್ತರಾರ್ಧದ್ದು. ‘ಸ್ನೇಹಪರ, ದಯಾಳು’ ಎಂಬುದು ಅದಕ್ಕೂ ಈಚಿನದು.

ಮೂಢತನದಿಂದ ಹೊರಟು ಮನೋಹರತೆಯನ್ನು ಸೇರಿದ ಈ ಪ್ರಯಾಣವನ್ನು ಇಂಗ್ಲಿಷಿನ ಭಾಷಾವಿಜ್ಞಾನಿಗಳು ವಿಚಿತ್ರಗಳ ಸಾಲಿಗೆ ಸೇರಿಸುವುದುಂಟು. ನಮಗೆ ಅಷ್ಟೇನೂ ವಿಚಿತ್ರವೆನಿಸಬೇಕಾಗಿಲ್ಲ. ‘ಮುಗ್ಧ’ ಎಂಬ ಶಬ್ದವನ್ನು ನೋಡಿ. ‘ಮೋಹ’ಕ್ಕೂ ‘ಮೂಢ’ಕ್ಕೂ ಯಾವ ಧಾತು ಮೂಲವೋ ಅದೇ ಇದಕ್ಕೂ ಮೂಲ; ಬುದ್ಧಿ ಕವಿದವನು, ತಿಳಿಯದವನು ಎಂದೇ ಅದರ ಮೊದಲ ಅರ್ಥ. ಆ ತಿಳಿಯದಿರುವಿಕೆಯೇ ಕಾಲಕ್ರಮದಲ್ಲಿ ಕಪಟವರಿಯದಿರುವಿಕೆಯಾಗಿ, ಆಲಂಕಾರಿಕರ ಕೈಯಲ್ಲಿ ಚೆಲುವಾಗಿ, ಇಂದು ‘ಮುಗ್ಧ ನಗೆ’ ಎಂದೊಡನೆ ನಮ್ಮ ಮನಸ್ಸು ಕರಗುವಂತಾಗಿದೆ. ಲ್ಯಾಟಿನ್ನಿನ ಅಜ್ಞಾನಿಯೂ ಸಂಸ್ಕೃತದ ಅಜ್ಞಾನಿಯೂ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ದಾರಿಯಲ್ಲಿ ನಡೆದು ಬಂದಿದ್ದಾರೆ. ಇಂಗ್ಲಿಷಿನಲ್ಲಿಯೇ ‘ಸಿಲ್ಲಿ’ ಎಂಬುದು ಒಂದು ಕಾಲಕ್ಕೆ ‘ಧನ್ಯ’ ಎಂಬ ಅರ್ಥದಲ್ಲಿದ್ದು ಈಗ ದಡ್ಡನನ್ನು ಸೂಚಿಸುತ್ತಿದೆಯಾಗಿ, ಏಣಿಯಲ್ಲಿ ಒಬ್ಬನು ಹತ್ತುವಾಗ ಮತ್ತೊಬ್ಬನು ಇಳಿದನೆನ್ನಬಹುದು.

ಸೂಕ್ಷ್ಮತೆಯ ಅರ್ಥವೂ ಸುಲಭವಾಗಿ ಸಾಯಲಿಲ್ಲ. 1755ರಲ್ಲಿ ತನ್ನ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ನನು ನೈಸ್ ಶಬ್ದಕ್ಕೆ ವಿವೇಚನೆಯಲ್ಲಿ ಕೂದಲೆಳೆಯಷ್ಟೂ ತಪ್ಪದವನು ಎಂಬ ಅರ್ಥವನ್ನೇ ಮುಂದಿಟ್ಟು, ಈ ಗುಣವು ಮಿತಿಮೀರಿದಾಗ ದೋಷವೂ ಆಗಬಲ್ಲದೆಂದು ಸೂಚಿಸಿದನು. ಇನ್ನು ನಾಲ್ಕನೆಯ ಮೈಸೂರು ಯುದ್ಧದ ತರುವಾಯ 1799ರಿಂದ ಶ್ರೀರಂಗಪಟ್ಟಣದ ಅಧಿಕಾರವನ್ನು ವಹಿಸಿಕೊಂಡು ದರಿಯಾ ದೌಲತ್ತಿನಲ್ಲಿ ವಾಸಮಾಡಿದ್ದ ಆರ್ಥರ್ ವೆಲ್ಲೆಸ್ಲಿಯು, ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕನಾಗಿ 1815ರ ಜೂನ್ 18ರಂದು ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಮರುದಿನ ಬ್ರಸೆಲ್ಸಿನಲ್ಲಿ ಥಾಮಸ್ ಕ್ರೀವಿಯೊಡನೆ ಮಾತನಾಡುತ್ತ ಆ ಯುದ್ಧವನ್ನು ನೈಸ್ ಎಂದೇ ವರ್ಣಿಸಿದನಂತೆ. ಸಾವಿರಾರು ಹೆಣಗಳು ಬಿದ್ದ ರಣರಂಗ ಆತನಿಗೆ ಸೊಗಸಾಗಿ ಕಂಡಿತೆಂದು ಇದನ್ನೋದಿದ ಇಂದಿನ ವಿದ್ಯಾರ್ಥಿಯು ಬೆಚ್ಚಬಹುದು. ಜಯವು ಎಳೆಯಷ್ಟರಲ್ಲಿ ತಪ್ಪುವುದಿತ್ತು, ತಕ್ಕಡಿಯ ಮುಳ್ಳು ಯಾವ ಕಡೆಗೂ ವಾಲಬಹುದಿತ್ತು ಎಂಬುದಷ್ಟೇ ಡ್ಯೂಕನ ತಾತ್ಪರ್ಯ. ನ್ಯಾಯಾಲಯಗಳಲ್ಲಿ ವಕೀಲರು ‘ನೈಸ್ ಪಾಯಿಂಟ್’ ಎಂದು ಎದುರುಪಕ್ಷದವರ ವಾದವನ್ನು ಕರೆದಾಗಲೂ ಅದು ಹೊಗಳಿಕೆಯಲ್ಲ, ಸೀಳಲು ಕಷ್ಟವಾದ ಸೂಕ್ಷ್ಮ ಪ್ರಶ್ನೆ ಎಂಬ ಒಪ್ಪಿಗೆ.

ಹಾಗಾದರೆ ಪದವನ್ನು ಕೆಡಿಸಿದವರು ಯಾರು? ಇಲ್ಲಿ ನನಗೆ ಇಂಗ್ಲಿಷ್ ಪಂಡಿತರ ಮೇಲೆ ಒಂದು ಅಸಮಾಧಾನವುಂಟು. ಜೇನ್ ಆಸ್ಟೆನ್ನಳ ‘ನಾರ್ಥ್ಯಾಂಗರ್ ಆಬಿ’ಯನ್ನು, 1803ರಲ್ಲಿ ಹತ್ತು ಪೌಂಡಿಗೆ ಮಾರಾಟವಾಗಿಯೂ ಆಕೆಯ ಮರಣಾನಂತರ 1817ರ ಡಿಸೆಂಬರಿನಲ್ಲಷ್ಟೇ ಬೆಳಕು ಕಂಡ ಆ ಕಾದಂಬರಿಯನ್ನು, ಓದಿದವರಿಗೆ ಬಾತ್ ಪಟ್ಟಣದ ಹೊರಗಣ ಬೆಟ್ಟದ ಮೇಲಿನ ಸಂಭಾಷಣೆ ನೆನಪಿರಬೇಕು. ಹದಿನೇಳರ ಬಾಲೆ ಕ್ಯಾಥರೀನ್ ತನ್ನ ಮೆಚ್ಚಿನ ಪುಸ್ತಕವೊಂದನ್ನು ಬಲು ನೈಸ್ ಎಂದುದೇ ತಡ, ಹೆನ್ರಿ ಟಿಲ್ನಿಯು ಅದರ ರಟ್ಟನ್ನು ಕುರಿತು ಹೇಳುತ್ತಿರುವೆಯೋ ಎಂದು ಹಾಸ್ಯಮಾಡಿ, ಎಲ್ಲಕ್ಕೂ ಸಲ್ಲುವ ಈ ಪದದ ಮೇಲೆ ಒಂದು ಪುಟ್ಟ ಉಪನ್ಯಾಸವನ್ನೇ ಕೊಡುತ್ತಾನೆ. ಒಂದು ಶತಮಾನದ ಮೇಲೆ, 1926ರಲ್ಲಿ, ಹೆಚ್. ಡಬ್ಲ್ಯು. ಫೌಲರ್ ತಮ್ಮ ಪ್ರಸಿದ್ಧ ಶಬ್ದಪ್ರಯೋಗ ಕೋಶದಲ್ಲಿ ಈ ಪದದ ವ್ಯಕ್ತಿತ್ವವೆಲ್ಲ ಕರಗಿಹೋದುದಕ್ಕೆ ಹೆಂಗಸರ ಅತಿಪ್ರೀತಿಯೇ ಕಾರಣವೆಂದು ನಿರ್ಧರಿಸಿಬಿಟ್ಟರು. ಹೆಂಗಸರು ಆಡಿದ್ದರಿಂದ ಅರ್ಥ ಸವೆಯಿತೆಂಬ ಈ ತೀರ್ಪು ನನಗೆ ಪ್ರಮಾಣವಿಲ್ಲದ ಗೊಣಗಾಟವಾಗಿಯೇ ಕಾಣುತ್ತದೆ. ಚಕ್ಕುಲಿಯ ಹಿಟ್ಟನ್ನು ಮತ್ತೆ ಮತ್ತೆ ತಿರಸ್ಕರಿಸಿದ ಬೆರಳುಗಳನ್ನು ಫೌಲರ್ ನೋಡಿದ್ದರೆ ಆ ವಾಕ್ಯವನ್ನು ಹೊಡೆದುಹಾಕುತ್ತಿದ್ದರೋ ಏನೋ. ಟಿಲ್ನಿಯ ವಿಷಯದಲ್ಲಂತೂ ಆಸ್ಟೆನ್ನಳ ಜಾಣ್ಮೆಯನ್ನು ಮೆಚ್ಚಬೇಕು. ಇದೇ ಮಹಾಶಯನು ಕಥೆಯ ಆರಂಭದಲ್ಲಿ, ತನ್ನ ತಂಗಿಗಾಗಿ ಗಜಕ್ಕೆ ಐದು ಶಿಲಿಂಗಿನಂತೆ ಅಪ್ಪಟ ಇಂಡಿಯಾ ಮಸ್ಲಿನ್ನನ್ನು ತಂದುದಾಗಿ ಹೆಮ್ಮೆಯಿಂದ ಹೇಳಿಕೊಂಡವನು! ನಮ್ಮ ಜವಳಿ ಅಂಗಡಿಯವನು ಆ ವಸ್ತ್ರವನ್ನು ಎರಡು ಬೆರಳಲ್ಲಿ ಹಿಡಿದು ‘ನೈಸ್ ಬಟ್ಟೆ’ ಎನ್ನುತ್ತಿದ್ದನು, ಮತ್ತು ಆ ಮಾತಿನಲ್ಲಿ ಟಿಲ್ನಿಯೂ ಆಕ್ಷೇಪಿಸಬಹುದಾದ ಅಸ್ಪಷ್ಟತೆ ಇರುತ್ತಿರಲಿಲ್ಲ.

ಈ ಪದ ಕನ್ನಡದಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದುದಕ್ಕೆ ನನ್ನ ಊಹೆಯೇನೆಂದರೆ, ಅದು ಬಂದಿಳಿದ ಮನೆಯಲ್ಲಿ ‘ನಯ’ ಎಂಬ ನೆಂಟನು ಮೊದಲೇ ವಾಸವಾಗಿದ್ದನು. ನಯವೆಂದರೆ ನುಣುಪು; ನಯವೆಂದರೆ ಮೃದುವಾದ ನಡೆನುಡಿ; ಅದೇ ನಯ ಕೆಟ್ಟಾಗ ‘ನಯವಂಚಕ’ ಹುಟ್ಟುತ್ತಾನೆ. ನೈಸ್ ಶಬ್ದವೂ ಈ ಮೂರು ಕೋಣೆಗಳನ್ನೂ ಯಥಾವತ್ತಾಗಿ ಆಕ್ರಮಿಸಿತು. ಬಡಗಿಯು ಒರಟು ಪೇಪರಿನ ತರುವಾಯ ನೈಸ್ ಪೇಪರಿನಲ್ಲಿ ಬಾಗಿಲನ್ನು ಉಜ್ಜುತ್ತಾನೆ. ಸಾಲಗಾರನು ನೈಸಾಗಿ ಮಾತನಾಡಿ ಮತ್ತೊಂದು ತಿಂಗಳ ವಾಯಿದೆ ಪಡೆಯುತ್ತಾನೆ. ಕೆಲಸ ಬಿದ್ದಾಗ ನೈಸಾಗಿ ಜಾರಿಕೊಳ್ಳುವ ಅಳಿಯಂದಿರೂ, ಪರೀಕ್ಷೆಯ ಫಲಿತಾಂಶದ ಮುನ್ನಾದಿನ ತಾಯಿಗೆ ‘ನೈಸ್ ಮಾಡುವ’ ಮಕ್ಕಳೂ ಯಾವ ಮನೆಯಲ್ಲಿಲ್ಲ? “ಏನೋ, ಬೆಳಗಿಂದ ಭಾಳ ನೈಸ್ ಮಾಡ್ತಿದ್ದೀಯ, ಎಷ್ಟು ದುಡ್ಡು ಬೇಕು?” ಎಂಬ ತಾಯಿಯ ಪ್ರಶ್ನೆಯಲ್ಲಿ ಆ ಪದಕ್ಕಿರುವ ಶಂಕೆಯ ಮೊನೆ ಇಂಗ್ಲಿಷಿನ ನೈಸ್‌ಗೆ ಸುಲಭವಾಗಿ ಬರುವಂಥದಲ್ಲ.

ಬೆಂಗಳೂರಿನವರಿಗೆ ನೈಸ್ ಎಂದರೆ ಒಂದು ರಸ್ತೆ. ಅದು ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಎಂಬ ಉದ್ದದ ಹೆಸರಿನ ಮೊದಲಕ್ಷರಗಳ ಮೊತ್ತವಾದುದರಿಂದ ನಮ್ಮ ಚರ್ಚೆಗೆ ಸೇರದು. ಆದರೆ ಅದೇ ನಗರದ ಲಾಲ್‌ಬಾಗಿನಲ್ಲಿ ಮತ್ತೊಂದು ನೈಸ್ ಇದೆ. ಅದನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗದು. ಕೆಂಪೇಗೌಡರ ಗೋಪುರ ನಿಂತಿರುವ ಆ ಬೋಳುಬಂಡೆಯನ್ನು ಭೂವಿಜ್ಞಾನಿಗಳು ‘ಪೆನಿನ್ಸುಲರ್ ನೈಸ್’ ಎಂದು ಕರೆಯುತ್ತಾರೆ. ಈ ಹೆಸರನ್ನು 1916ರಲ್ಲಿ ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್. ಸುಮಾರು 300 ಕೋಟಿ ವರ್ಷಗಳ ಹಿಂದಿನ ಆ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕ ನೆಟ್ಟಿದ್ದಾರೆ; ಬೆಳಗಿನ ವಾಯುವಿಹಾರಿಗಳು ಆ ಅಗಾಧ ಪ್ರಾಚೀನತೆಯ ಮೇಲೆ ಕೂತು ಸೌತೆಕಾಯಿ ತಿನ್ನುತ್ತಾರೆ. ಈ ನೈಸ್ ಜರ್ಮನ್ ಮೂಲದ್ದು. ಇಂಗ್ಲಿಷಿನಲ್ಲಿ ಅದರ ತಲೆಯ ಮೇಲೆ ಉಚ್ಚರಿಸದ ಒಂದು ‘ಜಿ’ ಅಕ್ಷರವಿರುವುದರಿಂದ ಕಣ್ಣಿಗೆ ಎರಡೂ ಬೇರೆಯಾಗಿ ತೋರುತ್ತವೆ. ಕೇಳಿದುದನ್ನು ಕೇಳಿದಂತೆಯೇ ಬರೆಯುವ ನಮ್ಮ ಲಿಪಿಯಲ್ಲಿ ಮಾತ್ರ ಹಿಟ್ಟಿಗೂ ಬಂಡೆಗೂ ಒಂದೇ ಹೆಸರು. ತಮಾಷೆಯೆಂದರೆ ಈ ಕಲ್ಲು ಕಿಂಚಿತ್ತೂ ನೈಸಲ್ಲ. ಭೂಗರ್ಭದ ತಾಪಕ್ಕೂ ಒತ್ತಡಕ್ಕೂ ಸಿಕ್ಕಿ ಅದರ ಖನಿಜಗಳು ಕಪ್ಪುಬಿಳುಪಿನ ಪಟ್ಟೆಗಳಾಗಿ ಬೇರ್ಪಟ್ಟಿರುತ್ತವೆ. ಕಣಗಳು ದಪ್ಪ, ಮೇಲ್ಮೈ ತರಿತರಿ. ಅಜ್ಜಿಯವರ ಬೆರಳು ಅದನ್ನು ಮುಟ್ಟಿದೊಡನೆ ತಿರಸ್ಕರಿಸುವುದರಲ್ಲಿ ಸಂದೇಹವಿಲ್ಲ. ಆದರೂ ಗ್ರಾನೈಟ್ ಎಂಬ ವ್ಯಾಪಾರೀ ಹೆಸರಿನಲ್ಲಿ ಮಾರಾಟವಾಗುವ ಕಲ್ಲುಗಳಲ್ಲಿ ಹಲವು ಶಾಸ್ತ್ರದೃಷ್ಟಿಯಿಂದ ನೈಸ್ ಶಿಲೆಯೇ ಆಗಿರುವುದನ್ನು ನೋಡಿದರೆ, ಯಂತ್ರ ಬರುವ ಮುನ್ನ ಈ ಸೀಮೆಯ ಹೆಂಗಸರು ಹಾಡುತ್ತ ತಿರುಗಿಸಿದ ಬೀಸುವ ಕಲ್ಲುಗಳಲ್ಲಿಯೂ ಎಷ್ಟೋ ಅದೇ ಬಂಡೆಯ ಮಕ್ಕಳಾಗಿರಬೇಕು. ಒರಟು ನೈಸಿನ ಎರಡು ತುಂಡುಗಳ ನಡುವೆ ಸಿಕ್ಕಿ ರಾಗಿಯು ನೈಸಾಗುತ್ತಿತ್ತು ಎಂದು ಬರೆಯುವ ಸುಖವನ್ನು ನಾನು ಬಿಟ್ಟುಕೊಡಲಾರೆ. ಸಂಪಾದಕರು ಈ ಭಾಗಕ್ಕೆ ಕತ್ತರಿ ಹಾಕಿದರೆ ಅದು ಅವರ ಹಕ್ಕು.

ಇಂಗ್ಲಿಷಿನಲ್ಲಿ ಈ ವಿಶೇಷಣ ಈಗ ಸದಾ ಒಳ್ಳೆಯದರ ಪಕ್ಷದಲ್ಲಿ ನಿಂತುಬಿಟ್ಟಿದೆ. ವ್ಯಂಗ್ಯವಾಡಿದಾಗ ಹೊರತು ಅದರಿಂದ ಕೆಡುಕನ್ನು ಸೂಚಿಸಲಾಗದು. ಕನ್ನಡದ ನೈಸ್ ಅಂಥ ಪಕ್ಷಪಾತಿಯಲ್ಲ. ಅದು ಸವೆತವನ್ನು ಅಳೆಯುತ್ತದೆ, ಸವೆತ ಬೇಕೋ ಬೇಡವೋ ಎಂಬುದನ್ನು ವಸ್ತುವಿಗೇ ಬಿಡುತ್ತದೆ. ಹಿಟ್ಟು ನೈಸಾದರೆ ಹಬ್ಬ, ಬಚ್ಚಲ ನೆಲ ನೈಸಾದರೆ ವೃದ್ಧರಿಗೆ ಗಂಡಾಂತರ. ನಂಜನಗೂಡು ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಒಮ್ಮೆ ನನ್ನ ಸ್ಕೂಟರಿನ ಹಿಂಚಕ್ರದ ಮೇಲೆ ಅಂಗೈ ಆಡಿಸಿದ ಹುಡುಗನು, “ಟೈರ್ ಪೂರ್ತಿ ನೈಸಾಗಿದೆ ಸಾರ್, ಮಳೇಲಿ ಬ್ರೇಕ್ ಹಿಡಿಯಲ್ಲ” ಎಂದನು. ಜಾನ್ಸನ್ನನ ಅರ್ಥವೂ ಟಿಲ್ನಿಯ ಹಾಸ್ಯವೂ ಆ ವಾಕ್ಯಕ್ಕೆ ಒದಗುವಂತಿರಲಿಲ್ಲ; ಹೊಸ ಟೈರಿನ ಬೆಲೆಯೆಷ್ಟೆಂದು ನಾನು ವಿಚಾರಿಸಿದೆ.